ಕಾಫಿಗೆಂದೇ ಕಟ್ಟಿದ ಅರಮನೆ: ಸಾಂಟೋಸ್ ಪಟ್ಟಣದ ಹಳೆಯ ವಿನಿಮಯ ಭವನ

ಜುಲೈ ತಿಂಗಳು ಬಂತೆಂದರೆ ನಮ್ಮ ತೋಟಗಳಲ್ಲಿ ಮಳೆಯ ಮಾತಿನ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ: ಬ್ರೆಜಿಲಿನಲ್ಲಿ ಹಿಮ ಬಿತ್ತೇ? 1975ರ ಹಿಮದ ಅನಂತರ ಏರಿದ ಧಾರಣೆ, 1994ರಲ್ಲಿ ಒಂದೇ ಚಳಿಗಾಲದೊಳಗೆ ಎರಡು ಸಲ ಬಿದ್ದ ಹಿಮ, ಈಚಿನ 2021ರ ಹಿಮ, ಇವೆಲ್ಲ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಬೆಳೆಗಾರರಿಗೆ ತಮ್ಮ ಊರಿನ ಆಲಿಕಲ್ಲು ಮಳೆಯಷ್ಟೇ ಚೆನ್ನಾಗಿ ನೆನಪಿವೆ. ಅಷ್ಟು ದೂರದ ದೇಶದ ಹವೆಯನ್ನು ಬಾಯಿಪಾಠ ಮಾಡಿಕೊಂಡಿರುವ ನಾವು, ಅಲ್ಲಿನ ಕಾಫಿ ಯಾವ ಪೇಟೆಯಲ್ಲಿ, ಯಾವ ಮನೆಯಲ್ಲಿ ಬೆಲೆ ಕಟ್ಟಿಸಿಕೊಳ್ಳುತ್ತಿತ್ತು ಎಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸಿದವರಲ್ಲ. ಈ ಸಂಚಿಕೆಯಲ್ಲಿ ಅಂತಹ ಒಂದು ಮನೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಾಂಟೋಸ್ ಎಂಬುದು ಬ್ರೆಜಿಲಿನ ಸಾವೊ ಪಾಲೊ ರಾಜ್ಯದ ರೇವುಪಟ್ಟಣ. ಅದರ ಹಳೆಯ ಪೇಟೆಯಲ್ಲಿ 'ನವೆಂಬರ್ ಹದಿನೈದು' ಎಂಬ ಹೆಸರಿನದೊಂದು ಬೀದಿಯಿದೆ. 1889ರ ನವೆಂಬರ್ 15ರಂದು ಬ್ರೆಜಿಲ್ ಅರಸೊತ್ತಿಗೆಯನ್ನು ಬಿಟ್ಟು ಗಣರಾಜ್ಯವಾಯಿತಾದ್ದರಿಂದ ಈ ಹೆಸರು. ಈ ಬೀದಿಯ ಮೂಲೆಯಲ್ಲಿ ಗುಮ್ಮಟ, ಗಡಿಯಾರದ ಗೋಪುರ, ಸಾಲುಗಂಬಗಳಿಂದ ಕೂಡಿದ ಒಂದು ಭವ್ಯವಾದ ಕಟ್ಟಡ ನಿಂತಿದೆ. ನೋಡಿದವರು ಯಾವುದೋ ರಾಜನ ಅರಮನೆಯೆಂದೋ ಶಾಸನಸಭೆಯೆಂದೋ ತಿಳಿಯಬೇಕು. ಅದು ಎರಡೂ ಅಲ್ಲ, ಕಾಫಿಯ ಧಾರಣೆಯನ್ನು ಕೂಗುವುದಕ್ಕೆಂದು ಕಟ್ಟಿಸಿದ ಮನೆ. ಅಧಿಕೃತ ಕಾಫಿ ವಿನಿಮಯ ಭವನವೆಂದು ಅದರ ಹೆಸರು. 1922ರ ಸೆಪ್ಟೆಂಬರ್ 7ರಂದು, ಬ್ರೆಜಿಲಿನ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ದಿನವೇ, ಅದರ ಬಾಗಿಲು ತೆರೆಯಿತು. ಒಂದು ದೇಶ ತನ್ನ ನೂರನೆಯ ವರ್ಷದ ಹಬ್ಬಕ್ಕೆ ಕಾಫಿಯ ಮಂಡಿಯನ್ನು ಉದ್ಘಾಟಿಸಿತೆಂದರೆ, ಆ ದೇಶಕ್ಕೂ ಆ ಬೆಳೆಗೂ ಇದ್ದ ನಂಟು ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಘಟ್ಟ ಇಳಿದು ಬಂದ ಕಾಫಿ

ಬ್ರೆಜಿಲಿಗೆ ಕಾಫಿ ಬಂದದ್ದು 1727ರಲ್ಲಿ, ಫ್ರೆಂಚ್ ಗಯಾನಾದಿಂದ, ಉತ್ತರದ ಪಾರಾ ಪ್ರಾಂತಕ್ಕೆ. ಅಲ್ಲಿಂದ ಅದು ಮೆಲ್ಲಮೆಲ್ಲನೆ ದಕ್ಷಿಣಕ್ಕೆ ಸರಿದು, ಹತ್ತೊಂಬತ್ತನೆಯ ಶತಮಾನದಲ್ಲಿ ರಿಯೊ ಸುತ್ತಿನ ಗುಡ್ಡಗಳನ್ನು ಹಬ್ಬಿ, ಅಲ್ಲಿನ ಮಣ್ಣು ಸೋತ ಮೇಲೆ ಸಾವೊ ಪಾಲೊದ ಒಳನಾಡಿನ ಕೆಂಪು ಮಣ್ಣಿಗೆ ಬಂದು ತಳವೂರಿತು. ಆ ಒಳನಾಡಿಗೂ ಸಮುದ್ರಕ್ಕೂ ನಡುವೆ ಸುಮಾರು 800 ಮೀಟರು ಎತ್ತರದ ಘಟ್ಟವೊಂದು ಗೋಡೆಯಂತೆ ನಿಂತಿದೆ. ನಮ್ಮವರು ಶಿರಾಡಿ, ಚಾರ್ಮಾಡಿ ಘಾಟಿಗಳನ್ನಿಳಿಸಿ ಮಂಗಳೂರಿಗೆ ಕಾಫಿ ಸಾಗಿಸುತ್ತಿದ್ದ ಕಾಲವನ್ನು ಹಿರಿಯರಿಂದ ಕೇಳಿ ಬಲ್ಲವರಿಗೆ ಇದರ ಕಷ್ಟ ಅರ್ಥವಾದೀತು. ಇಲ್ಲಿ ಎತ್ತಿನ ಗಾಡಿ, ಅಲ್ಲಿ ಹೇಸರಗತ್ತೆಯ ಸಾಲು.

1867ರಲ್ಲಿ ಇಂಗ್ಲಿಷ್ ಕಂಪನಿಯೊಂದು ಸಾಂಟೋಸಿನಿಂದ ಘಟ್ಟ ಹತ್ತಿಸಿ ಸಾವೊ ಪಾಲೊ ಮೂಲಕ ಜುಂಡಿಯಾಯಿ ಊರಿನವರೆಗೆ 139 ಕಿಲೊಮೀಟರು ರೈಲು ಹಾಕಿತು. ಘಟ್ಟದ ಕಡಿದಾದ ಭಾಗದಲ್ಲಿ ಎಂಜಿನ್ ತಾನಾಗಿ ಏರಲಾರದು. ಆದ್ದರಿಂದ ಇಳಿಜಾರನ್ನು ನಾಲ್ಕು ಮೆಟ್ಟಿಲಾಗಿ ಭಾಗಮಾಡಿ, ಪ್ರತಿ ಮೆಟ್ಟಿಲ ತುದಿಯಲ್ಲೂ ಸ್ಥಿರವಾದ ಉಗಿಯಂತ್ರ ಹೂಡಿ, ಬಾವಿಯಿಂದ ಕೊಡ ಸೇದುವಂತೆ ಉಕ್ಕಿನ ಹಗ್ಗದಿಂದ ಬೋಗಿಗಳನ್ನು ಮೇಲೆ ಸೇದುತ್ತಿದ್ದರು, ಕೆಳಗೆ ಬಿಡುತ್ತಿದ್ದರು. ಕಾಫಿ ಹೆಚ್ಚಿದಂತೆ ಇದೂ ಸಾಲದೆ 1901ರ ಹೊತ್ತಿಗೆ ಐದು ಮೆಟ್ಟಿಲುಗಳ ಎರಡನೆಯ ಹಳಿ ಸಿದ್ಧವಾಯಿತು. ಒಳನಾಡಿನ ಅಷ್ಟೂ ಕಾಫಿಗೆ ಸಮುದ್ರ ಸೇರಲು ಇದೊಂದೇ ರೈಲುದಾರಿಯಾದ್ದರಿಂದ ಕಂಪನಿ ಹೇಳಿದ್ದೇ ಬಾಡಿಗೆ. ಸರಕಾರ ಅದನ್ನು ಕೈಗೆ ತೆಗೆದುಕೊಂಡದ್ದು 1946ರಲ್ಲಿ.

ಕೆಳಗೆ ಸಾಂಟೋಸಿನಲ್ಲಾದರೋ ಬಹುಕಾಲ ಸರಿಯಾದ ಧಕ್ಕೆಯೇ ಇರಲಿಲ್ಲ. ಕೆಸರಿನ ದಂಡೆಯಿಂದ ಹಡಗಿಗೆ ಹಲಗೆ ಚಾಚಿ, ಅದರ ಮೇಲೆ ಚೀಲ ಹೊತ್ತ ಆಳುಗಳು ಓಡಾಡುತ್ತಿದ್ದರು. ಆ ಕೆಸರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಹಳದಿ ಜ್ವರ. ಹಡಗಿನ ನಾವಿಕರು ಸಾಯುತ್ತಿದ್ದರು, ಹಡಗಿನಿಂದ ಇಳಿದ ಹೊಸಬರು ಸಾಯುತ್ತಿದ್ದರು. 1892ರ ಫೆಬ್ರುವರಿ 2ರಂದು ಮೊದಲ 260 ಮೀಟರು ಕಲ್ಲಿನ ಧಕ್ಕೆ ತೆರೆಯಿತು. ಜವುಗುನೀರನ್ನು ಬಸಿದು ಸಮುದ್ರಕ್ಕೆ ಹರಿಸುವ ಕಾಲುವೆಗಳು 1907ರಿಂದ ತೆರೆದವು. ಸಾಟುರ್ನಿನೊ ಡಿ ಬ್ರಿಟೊ ಎಂಬ ಎಂಜಿನಿಯರರು ಯೋಜಿಸಿದ ಆ ಕಾಲುವೆಗಳು ಈಗಲೂ ಊರಿನ ನಡುವೆ ಹರಿಯುತ್ತಿವೆ. ಬಸಿಗಾಲುವೆಯ ಬೆಲೆ ತೋಟಗಾರರಿಗೆ ಗೊತ್ತೇ ಇದೆ. ಇಲ್ಲಿ ಅದು ತೋಟವನ್ನಲ್ಲ, ಒಂದು ಪಟ್ಟಣವನ್ನೇ ಉಳಿಸಿತು.

1888ರ ಮೇ 13ರಂದು ಬ್ರೆಜಿಲ್ ಗುಲಾಮಗಿರಿಯನ್ನು ರದ್ದುಮಾಡಿತು. ಅಲ್ಲಿಯವರೆಗೆ ಕಾಫಿ ತೋಟದ ಕೆಲಸವೆಲ್ಲ ಆಫ್ರಿಕದಿಂದ ಹಿಡಿದು ತಂದವರ ಮತ್ತು ಅವರ ಮಕ್ಕಳ ಬೆನ್ನಿನ ಮೇಲೆಯೇ ನಡೆದಿತ್ತು. ಆಮೇಲೆ ಇಟಲಿಯಿಂದ, ಸ್ಪೇನಿನಿಂದ, ಪೋರ್ತುಗಲ್ಲಿನಿಂದ ಜನ ಬಂದರು. 1908ರ ಜೂನ್ 18ರಂದು 'ಕಸಾತೊ ಮಾರು' ಎಂಬ ಹಡಗು 781 ಮಂದಿ ಜಪಾನೀಯರನ್ನು ಇದೇ ಧಕ್ಕೆಯಲ್ಲಿ ಇಳಿಸಿತು. ಕಾಫಿ ಹೊರಗೆ ಹೋಗುವ ಬಾಗಿಲಿನಿಂದಲೇ ಕೂಲಿಯವರು ಒಳಗೆ ಬಂದರು.

ಬೀದಿಯ ವ್ಯಾಪಾರ

ಕಾಫಿ ರೈಲಿಳಿದ ಮೇಲೆ ಅದನ್ನು ಮಾರುವವರು ಯಾರು? ಬೆಳೆಗಾರನಲ್ಲ. ಅವನು ನೂರಾರು ಮೈಲಿ ಒಳಗೆ ತೋಟದಲ್ಲಿರುವವನು. ಸಾಂಟೋಸಿನ ದಲಾಲಿ ಮಂಡಿಯವರು ಅವನ ಪರವಾಗಿ ಮಾರಿ, ತಮ್ಮ ಕಮಿಷನ್ ಮುರಿದುಕೊಂಡು ಲೆಕ್ಕ ಕಳಿಸುತ್ತಿದ್ದರು. ಬೆಳೆಗೆ ಮುಂಚೆ ಸಾಲ ಕೊಡುವವರೂ ಅವರೇ, ತೋಟದ ಮನೆಗೆ ಸಾಮಾನು ಕಳಿಸುವವರೂ ಅವರೇ. ಸಾಲ ಕೊಟ್ಟವನೇ ಸರಕು ಮಾರುವವನೂ ಆದರೆ ಲೆಕ್ಕ ಹೇಗಿರುತ್ತದೆಂಬುದನ್ನು ನಮ್ಮ ಅಡಿಕೆ ಬೆಳೆಗಾರರಿಗೆ ವಿವರಿಸಹೊರಟರೆ ಅವರು ನಕ್ಕಾರು. ಅದೇ ಸಂಕಟದಿಂದ ಪಾರಾಗಲೆಂದೇ ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು, ಅಂದರೆ ಸಾಂಟೋಸಿನ ಅರಮನೆ ಬಾಗಿಲು ತೆರೆದ ಮರುವರ್ಷವೇ.

ಮಂಡಿಗಳು, ರಫ್ತುದಾರರ ಕಚೇರಿಗಳು, ಬ್ಯಾಂಕುಗಳು ಎಲ್ಲವೂ ಆ ಒಂದು ಬೀದಿಯಲ್ಲಿ ಮತ್ತು ಅದರ ಆಚೀಚೆಯ ಓಣಿಗಳಲ್ಲಿದ್ದವು. ಚೀಲಕ್ಕೆ ಚೂಪಾದ ಕೊಳವೆ ಚುಚ್ಚಿ ಮಾದರಿ ತೆಗೆಯುವವರು, ಗೋದಾಮುಗಳಲ್ಲಿ ಸಾಲಾಗಿ ಕುಳಿತು ಕೆಟ್ಟ ಬೀಜ ಆರಿಸುವ ಹೆಂಗಸರು, ಹರಿದ ಚೀಲ ಹೊಲಿಯುವವರು, ಇವರನ್ನು ನೋಡಿದರೆ ನಮ್ಮ ಹುಣಸೂರು, ಮಂಗಳೂರು, ಚಿಕ್ಕಮಗಳೂರುಗಳ ಕ್ಯೂರಿಂಗ್ ವರ್ಕ್ಸಿನ ನೆನಪು ಬಾರದಿರದು. ಒಂದು ಚೀಲವೆಂದರೆ 60 ಕಿಲೊ. ಬೆನ್ನಿನ ಮೇಲೆ ಐದು ಚೀಲ ಒಟ್ಟಿಗೆ ಹೊತ್ತು ನಿಂತ ಹಮಾಲನೊಬ್ಬನ ಚಿತ್ರ ಆ ಕಾಲದಲ್ಲಿ ಅಂಚೆಕಾರ್ಡಿನ ಮೇಲೆ ಅಚ್ಚಾಗಿ ಮಾರಾಟವಾಗುತ್ತಿತ್ತು. ಐದು ಚೀಲವೆಂದರೆ 300 ಕಿಲೊ! ಅವನ ಮಂಡಿಚಿಪ್ಪು ಎಷ್ಟು ವರ್ಷ ಬಾಳಿತೋ.

ಇಂತಹ ಪೇಟೆಯಲ್ಲಿ 'ಇವತ್ತಿನ ಧಾರಣೆ' ಎಂಬುದು ಯಾರ ಬಾಯಲ್ಲಿ ಬಂದರೆ ಅದೇ. ನ್ಯೂಯಾರ್ಕಿನಲ್ಲಿ 1882ರಲ್ಲೇ ಕಾಫಿ ವಿನಿಮಯ ಕೇಂದ್ರ ಏರ್ಪಟ್ಟು, ಅಲ್ಲಿನ ವ್ಯಾಪಾರಿಗಳು ಬ್ರೆಜಿಲಿನ ಕಾಫಿಗೆ ಬೆಲೆ ಕಟ್ಟುತ್ತಿದ್ದರು. ಬೆಳೆಯುವ ದೇಶದಲ್ಲಿ ಅಂತಹದೊಂದು ಸ್ಥಳವಿಲ್ಲವೆಂಬ ಕೊರಗಿನಿಂದ ಸಾವೊ ಪಾಲೊ ರಾಜ್ಯ ಸರಕಾರ 1914ರಲ್ಲಿ ಕಾಯಿದೆ ಮಾಡಿ ಅಧಿಕೃತ ವಿನಿಮಯ ಕೇಂದ್ರವನ್ನು ಸ್ಥಾಪಿಸಿತು. 1917ರಲ್ಲಿ ಬಾಡಿಗೆ ಮನೆಯಲ್ಲಿ ಕೆಲಸ ಆರಂಭವಾಯಿತು. ಧಾರಣೆಯನ್ನು ಎಲ್ಲರೆದುರು ಕೂಗಬೇಕು, ಬರೆದು ಪ್ರಕಟಿಸಬೇಕು, ನೋಂದಾಯಿಸಿದ ದಲ್ಲಾಳಿಗಳೇ ವ್ಯವಹರಿಸಬೇಕು ಎಂಬುದು ಇದರ ತಿರುಳು.

ಇನ್ನೊಂದು ಉಪಕಾರವೂ ಆಯಿತು. ಕಾಫಿಯನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪುವ ಮಾನ ಬೇಕಷ್ಟೆ. 300 ಗ್ರಾಂ ಮಾದರಿಯನ್ನು ಕಪ್ಪು ಕಾಗದದ ಮೇಲೆ ಹರಡಿ ದೋಷ ಎಣಿಸುವ ಕ್ರಮ ಬ್ರೆಜಿಲಿನಲ್ಲಿ ಬೇರೂರಿದೆ. ಒಂದು ಕಪ್ಪು ಬೀಜಕ್ಕೆ ಒಂದು ದೋಷ. ಕಲ್ಲು, ಕಡ್ಡಿಗಳಿಗೆ ಇನ್ನೂ ಹೆಚ್ಚು. ಒಟ್ಟು 4 ದೋಷವಿದ್ದರೆ 2ನೇ ನಮೂನೆ, 26 ಇದ್ದರೆ 4ನೇ ನಮೂನೆ, 86 ಇದ್ದರೆ 6ನೇ ನಮೂನೆ, 360 ಇದ್ದರೆ ಕೊನೆಯ 8ನೇ ನಮೂನೆ. ಇದರ ಮೇಲೆ ಲೋಟದ ರುಚಿ ನೋಡಿ 'ಮೃದು', 'ಗಡುಸು', ಔಷಧದ ವಾಸನೆ ಹೊಡೆಯುವ 'ರಿಯೊ' ಎಂದು ವಿಂಗಡಿಸುವ ಪದ್ಧತಿಯನ್ನು ಸಾಂಟೋಸಿನ ಈ ಸಂಸ್ಥೆ 1917ರಿಂದ ಅಂಗೀಕರಿಸಿತು. ಕಣದಲ್ಲಿ ಕಾಫಿಯನ್ನು ರಾಶಿ ಹಾಕಿ ಬೂಸಲು ಹಿಡಿಸಿದವನಿಗೂ, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ ಒಣಗಿಸಿದವನಿಗೂ ಬೆಲೆಯಲ್ಲಿ ವ್ಯತ್ಯಾಸ ಕಾಣಿಸುವಂತಾದದ್ದು ಇದರಿಂದ. ನಮ್ಮ ಅಭಿಪ್ರಾಯದಲ್ಲಿ ಆ ಸಂಸ್ಥೆ ಬೆಳೆಗಾರನಿಗೆ ಮಾಡಿದ ನಿಜವಾದ ಉಪಕಾರ ಇದೇ, ಗೋಪುರ ಗುಮ್ಮಟಗಳಲ್ಲ.

ಭವನದ ಒಳಹೊರಗು

ಆದರೂ ಗೋಪುರ ಗುಮ್ಮಟಗಳ ಮಾತನ್ನು ಹೇಳಲೇಬೇಕು. 1920ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ಕಟ್ಟಿದ್ದು ಸಾಂಟೋಸ್ ನಿರ್ಮಾಣ ಕಂಪನಿ. ಅದರ ಮುಖ್ಯಸ್ಥ ರೊಬೆರ್ಟೊ ಸಿಮೊನ್‌ಸೆನ್ ಮುಂದೆ ಬ್ರೆಜಿಲಿನ ಕೈಗಾರಿಕೋದ್ಯಮಿಗಳ ನಾಯಕನೆಂದೂ ಆರ್ಥಿಕ ಇತಿಹಾಸ ಬರೆದವನೆಂದೂ ಹೆಸರಾದವನು. ಶೈಲಿ ಯಾವುದೆಂದು ಕೇಳಿದರೆ ಒಂದು ಹೆಸರು ಹೇಳುವುದು ಕಷ್ಟ. ಗ್ರೀಕರ ಕಂಬ, ರೋಮಿನ ಗುಮ್ಮಟ, ಫ್ರೆಂಚ್ ಅರಮನೆಗಳ ಅಲಂಕಾರ, ಎಲ್ಲವನ್ನೂ ಬೇಕಾದಲ್ಲಿಂದ ಎತ್ತಿ ಜೋಡಿಸುವ ಮಿಶ್ರಶೈಲಿ ಅದು. ಹೊಸದಾಗಿ ಹಣ ಕಂಡ ನಗರಗಳೆಲ್ಲ ಆ ಕಾಲದಲ್ಲಿ ಹೀಗೇ ಕಟ್ಟಿಸುತ್ತಿದ್ದವು. ಶುದ್ಧ ಅಭಿರುಚಿಯವರು ಮೂಗು ಮುರಿಯಬಹುದು. ನಮಗಂತೂ ಮದುವೆ ಚಪ್ಪರದಲ್ಲಿ ಬಾಳೆ, ಮಾವು, ಹೊಂಬಾಳೆ ಎಲ್ಲವನ್ನೂ ಕಟ್ಟಿದಂತೆ ಅದೊಂದು ಬಗೆಯ ಸಡಗರವಾಗಿ ಕಾಣುತ್ತದೆ.

ಬೀದಿಗಳು ಕೂಡುವ ಮೂಲೆಯಲ್ಲಿ ಮುಖ್ಯ ಪ್ರವೇಶ, ಅದರ ಮೇಲೆ ಗುಮ್ಮಟ. ದ್ವಾರದ ಬಳಿ ರೋಮನರ ಕೃಷಿದೇವತೆ ಸೆರೆಸ್ ಮತ್ತು ವ್ಯಾಪಾರದ ದೇವರು ಮರ್ಕ್ಯುರಿಯ ಮೂರ್ತಿಗಳಿವೆ. ಬೆಳೆಯುವವಳನ್ನೂ ಮಾರುವವನನ್ನೂ ಒಂದೇ ಬಾಗಿಲಲ್ಲಿ ಕೂರಿಸಿದ್ದಾರೆ! ಮರ್ಕ್ಯುರಿ ವ್ಯಾಪಾರಿಗಳಿಗಷ್ಟೇ ಅಲ್ಲ, ಕಳ್ಳರಿಗೂ ಕುಲದೇವರೆಂದು ರೋಮನರು ನಂಬಿದ್ದರೆಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದುವರಿಯುತ್ತೇವೆ. ರೇವಿನ ಕಡೆಗೆ ಸುಮಾರು 40 ಮೀಟರು ಎತ್ತರದ ಗಡಿಯಾರದ ಗೋಪುರ. ಕೃಷಿ, ವಾಣಿಜ್ಯ, ಕೈಗಾರಿಕೆ, ನೌಕಾಯಾನಗಳನ್ನು ಸೂಚಿಸುವ ನಾಲ್ಕು ಪ್ರತಿಮೆಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಕಟ್ಟಡಕ್ಕೆ ಬಾಗಿಲು ಕಿಟಕಿಗಳೇ ಇನ್ನೂರಕ್ಕೆ ಮೇಲೆ. ಸೆಕೆಯ ಊರು, ವಿದ್ಯುತ್ ಬೀಸಣಿಗೆ ಅಪರೂಪದ ಕಾಲ. ಗಾಳಿಗೆ ಅಷ್ಟು ದಾರಿ ಬೇಕಿತ್ತು.

ಒಳಗೆ ಹೋದರೆ ನಡುವೆ ಹರಾಜಿನ ಹಜಾರ. ನೆಲಕ್ಕೆ ಬಣ್ಣಬಣ್ಣದ ಅಮೃತಶಿಲೆ ಜೋಡಿಸಿ ನಕ್ಷೆ ಬಿಡಿಸಿದ್ದಾರೆ. ಅದರ ಮೇಲೆ ಬೀಟೆಯನ್ನು ಹೋಲುವ ಜಕರಾಂಡ ಮರದ ಭಾರಿ ಕುರ್ಚಿಗಳು ವೃತ್ತಾಕಾರವಾಗಿ, ಒಂದಕ್ಕೊಂದು ಮುಖ ಕಾಣುವಂತೆ ಸಾಲುಗೊಂಡಿವೆ. ಒಂದು ಕಡೆ ಎತ್ತರದ ಪೀಠದಲ್ಲಿ ಅಧ್ಯಕ್ಷರ ಮೇಜು. ಈ ವೃತ್ತವೇ ಇಡೀ ಕಟ್ಟಡದ ಮರ್ಮ. ಸಾಲಾಗಿ ಬೆನ್ನು ಕಾಣುವಂತೆ ಕೂತರೆ ಮುಂದಿನವನು ಸನ್ನೆ ಮಾಡಿದ್ದು ಹಿಂದಿನವನಿಗೆ ಕಾಣದು. ಸುತ್ತ ಕೂತರೆ ಯಾರು ಕೊಂಡರು, ಯಾರು ಬಿಟ್ಟರು, ಯಾರ ಮುಖ ಕೆಂಪಾಯಿತು ಎಂಬುದೆಲ್ಲ ಎಲ್ಲರಿಗೂ ಕಾಣುತ್ತದೆ. ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ಧಾರಣೆ ಕುದುರಿಸುವ ಪದ್ಧತಿಯನ್ನು ಸಂತೆಗಳಲ್ಲಿ ಕಂಡವರಿಗೆ ಇದರ ಬೆಲೆ ತಿಳಿದೀತು. ಕಾಫಿಯ ಒಂದು ಚೀಲವೂ ಈ ಹಜಾರಕ್ಕೆ ಬರುತ್ತಿರಲಿಲ್ಲ. ಇಲ್ಲಿ ಮಾರಾಟವಾಗುತ್ತಿದ್ದದ್ದು ಮುಂದಿನ ತಿಂಗಳುಗಳ ವಾಯಿದೆ, ಕೂಗಿದ ಮಾತು ಮತ್ತು ಬರೆದ ಕಾಗದ.

ತಲೆ ಎತ್ತಿದರೆ ಚಾವಣಿಯಲ್ಲಿ ಬಣ್ಣದ ಗಾಜಿನ ಚಿತ್ರ. ಸಾವೊ ಪಾಲೊ ನಗರದ ಕಾಸಾ ಕೊನ್ರಾಡೊ ಎಂಬ ಕಾರ್ಖಾನೆ ಮಾಡಿದ ಈ ಗಾಜಿಗೂ, ಗೋಡೆಯ ಮೂರು ದೊಡ್ಡ ತೈಲಚಿತ್ರಗಳಿಗೂ ಕಲಾವಿದ ಬೆನೆಡಿಟೊ ಕಲಿಷ್ಟೊ. 1853ರಲ್ಲಿ ಅದೇ ಕರಾವಳಿಯ ಇಟಾನ್ಯೆಮ್ ಎಂಬ ಊರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡವನು. ಗಾಜಿನ ನಡುವಿನ ಭಾಗದಲ್ಲಿ ಅನ್ಯಾಂಗ್ವೆರಾ ಎಂಬ ಹಳೆಯ ಚಿನ್ನಬೇಟೆಗಾರನ ಕಥೆಯಿದೆ. ಚಿನ್ನದ ಜಾಗ ತೋರಿಸದ ಮೂಲನಿವಾಸಿಗಳ ಎದುರು ಅವನು ಬಟ್ಟಲಿನಲ್ಲಿ ಸಾರಾಯಿ ಸುರಿದು ಬೆಂಕಿ ಹಚ್ಚಿ, ನಿಮ್ಮ ಹೊಳೆಗಳನ್ನೂ ಹೀಗೇ ಸುಟ್ಟುಬಿಡುತ್ತೇನೆಂದು ಹೆದರಿಸಿದನಂತೆ. ಇಕ್ಕೆಲದ ಭಾಗಗಳಲ್ಲಿ ಒಂದು ಕಡೆ ಬೇಸಾಯ ಮತ್ತು ಸಮೃದ್ಧಿ, ಇನ್ನೊಂದು ಕಡೆ ಕೈಗಾರಿಕೆ ಮತ್ತು ವಾಣಿಜ್ಯ. ಗೋಡೆಯ ಚಿತ್ರಗಳಲ್ಲಿ ನಡುವಿನದು ಹದಿನಾರನೆಯ ಶತಮಾನದಲ್ಲಿ ಸಾಂಟೋಸ್ ಊರು ಸ್ಥಾಪನೆಯಾದ ಸನ್ನಿವೇಶ. ಒಂದು ಪಕ್ಕ 1822ರ ಸಾಂಟೋಸ್, ಮತ್ತೊಂದು ಪಕ್ಕ 1922ರ ಸಾಂಟೋಸ್. ಒಂದರಲ್ಲಿ ಕೆಲವು ಹೆಂಚಿನ ಮನೆ, ಚರ್ಚು, ಖಾಲಿ ಗುಡ್ಡ. ಇನ್ನೊಂದರಲ್ಲಿ ದಟ್ಟವಾದ ಊರು, ಧಕ್ಕೆ, ಹಡಗು. ಎರಡರ ನಡುವಣ ನೂರು ವರ್ಷದ ವ್ಯತ್ಯಾಸವೆಲ್ಲ ಕಾಫಿಯದು.

ಕಲಿಷ್ಟೊ ನಿಪುಣ, ಹಳೆಯ ದಾಖಲೆ ಹುಡುಕಿ ಚಿತ್ರ ಬರೆಯುತ್ತಿದ್ದವನು. ಆದರೂ ಬೇಡಿಕೆ ಕೊಟ್ಟವರು ಯಾರೋ ಅವರ ಮನಸ್ಸಿನಂತೆ ಚಿತ್ರವೂ ಇರುತ್ತದೆ. ಆ ಹಜಾರ ತೆರೆಯುವ ಹೊತ್ತಿಗೆ ಗುಲಾಮಗಿರಿ ಹೋಗಿ ಕೇವಲ 34 ವರ್ಷ. ತೋಟದಲ್ಲಿ ದುಡಿದಿದ್ದ ಆ ಜನರಲ್ಲಿ ಹಲವರು ಬದುಕಿಯೇ ಇದ್ದರು. ಅವರ ದುಡಿಮೆಯ ಹಣದಿಂದೆದ್ದ ಹಜಾರದ ಶಿಖರದಲ್ಲಿ ಜಾಗ ಸಿಕ್ಕಿದ್ದು ಚಿನ್ನಬೇಟೆಗಾರನಿಗೆ.

ಬೆಲೆ ಕೈತಪ್ಪಿದ ಬಗೆ

ಈಗ ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ಈ ಹಜಾರದಲ್ಲಿ ಕೂಗುತ್ತಿದ್ದ ಬೆಲೆಯ ಹಿಂದೆ ಇನ್ನೊಂದು ಏರ್ಪಾಡು ಕೆಲಸ ಮಾಡುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ಕಾಫಿಯ ಮುಕ್ಕಾಲು ಪಾಲು ಬ್ರೆಜಿಲಿನದು. 1906ರಲ್ಲಿ ಸುಮಾರು 2 ಕೋಟಿ ಚೀಲದ ಬೆಳೆ ಬಂದು ಧಾರಣೆ ಕುಸಿಯುವ ಸ್ಥಿತಿಯಾದಾಗ ಸಾವೊ ಪಾಲೊ, ರಿಯೊ, ಮಿನಾಸ್ ಈ ಮೂರು ರಾಜ್ಯಗಳು ಟೌಬಟೆ ಎಂಬಲ್ಲಿ ಸೇರಿ ಒಪ್ಪಂದ ಮಾಡಿಕೊಂಡವು: ಸಾಲ ತಂದು ಹೆಚ್ಚುವರಿ ಕಾಫಿಯನ್ನು ಸರಕಾರವೇ ಕೊಂಡು ಕಟ್ಟಿಡುವುದು, ಬೆಳೆ ಕಡಿಮೆಯಾದ ವರ್ಷ ಮಾರುವುದು. ಸುಮಾರು 80 ಲಕ್ಷ ಚೀಲವನ್ನು ಹೀಗೆ ಕೊಂಡು ಹ್ಯಾಂಬರ್ಗ್, ಆಂಟ್‌ವರ್ಪ್, ಲೆ ಹಾವ್ರ್, ನ್ಯೂಯಾರ್ಕುಗಳ ಗೋದಾಮುಗಳಲ್ಲಿಟ್ಟರು. ಮುಂದಿನ ವರ್ಷಗಳಲ್ಲಿ ಧಾರಣೆ ಏರಿತು, ಸಾಲವೂ ತೀರಿತು. 1918ರ ಹಿಮವೂ ಧಾರಣೆಗೆ ಅನುಕೂಲವಾಯಿತು. ಎರಡು ಮೂರು ಸಲ ಗೆದ್ದವನಿಗೆ ಸೋಲೆಂಬುದೇ ಮರೆತುಹೋಗುತ್ತದೆ. 1920ರ ದಶಕದಲ್ಲಿ ಸಾವೊ ಪಾಲೊ ಸರಕಾರ ಕಾಫಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಒಳನಾಡಿನಲ್ಲೇ ದೊಡ್ಡ ಗೋದಾಮುಗಳನ್ನು ಕಟ್ಟಿ, ದಿನಕ್ಕಿಷ್ಟೇ ಚೀಲ ಸಾಂಟೋಸಿಗೆ ಇಳಿಯಬೇಕೆಂದು ತೂಬು ಹಾಕಿತು. ಅರಮನೆಯ ಹಜಾರದಲ್ಲಿ ದಲ್ಲಾಳಿಗಳು ಕೂಗುತ್ತಿದ್ದದ್ದು ಈ ತೂಬಿನಿಂದ ಹರಿದಷ್ಟು ಕಾಫಿಯ ಬೆಲೆಯನ್ನು ಮಾತ್ರ.

ಧಾರಣೆ ಚೆನ್ನಾಗಿದೆಯೆಂದರೆ ಬೆಳೆಗಾರ ಏನು ಮಾಡುತ್ತಾನೆ? ಗಿಡ ನೆಡುತ್ತಾನೆ. ಕಾಫಿ ಗಿಡ ನೆಟ್ಟ ವರ್ಷವೇ ಫಲ ಕೊಡುವುದಿಲ್ಲ, ನಾಲ್ಕೈದು ವರ್ಷ ಬೇಕು. ಹೀಗಾಗಿ ಇವತ್ತಿನ ಒಳ್ಳೆಯ ಧಾರಣೆಗೆ ನೆಟ್ಟ ಗಿಡ ನಾಳಿನ ಯಾವುದೋ ಧಾರಣೆಗೆ ಕಾಯಿ ಬಿಡುತ್ತದೆ. 1927ರಿಂದ 1929ರವರೆಗೆ ಬ್ರೆಜಿಲ್ ಬೆಳೆದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಷ್ಟೇ ರಫ್ತಾಯಿತು. ಉಳಿದದ್ದು ಗೋದಾಮಿನಲ್ಲಿ, ಅದರ ಮೇಲೆ ವಿದೇಶಿ ಸಾಲ. ಬ್ರೆಜಿಲ್ ಕೊಡೆ ಹಿಡಿದು ಬೆಲೆ ಎತ್ತರಿಸಿದಾಗ ಅದರ ನೆರಳಿನಲ್ಲಿ ಕೊಲಂಬಿಯ ಮುಂತಾದ ದೇಶಗಳೂ ಧಾರಾಳವಾಗಿ ನೆಟ್ಟವು. 1929ರ ಅಕ್ಟೋಬರಿನಲ್ಲಿ ಸಾಲದ ಬಾಗಿಲು ಮುಚ್ಚಿತು. 1929ರ ಸೆಪ್ಟೆಂಬರಿನಲ್ಲಿ ಪೌಂಡಿಗೆ, ನಮ್ಮ ಹಿರಿಯರ ಮಾತಿನಲ್ಲಿ ರಾತಲಿಗೆ, 22½ ಅಮೆರಿಕನ್ ಸೆಂಟಿದ್ದ ಧಾರಣೆ ಎರಡೇ ವರ್ಷದಲ್ಲಿ 8 ಸೆಂಟಿಗಿಳಿಯಿತು. ಭವನಕ್ಕೆ ಆಗ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ.

ಮುಂದೆ ನಡೆದದ್ದನ್ನು ಬರೆಯುವುದಕ್ಕೂ ಸಂಕಟವಾಗುತ್ತದೆ. 1931ರಿಂದ ಸರಕಾರ ಕಾಫಿಯನ್ನು ಸುಡಿಸತೊಡಗಿತು. ಬೆಳೆಗಾರ ತನ್ನ ಬೆಳೆಯಲ್ಲಿ ಇಂತಿಷ್ಟು ಪಾಲನ್ನು 'ತ್ಯಾಗದ ಪಾಲು' ಎಂದು ಅಲ್ಪಬೆಲೆಗೆ ಸರಕಾರಕ್ಕೆ ಒಪ್ಪಿಸಬೇಕು. ಅದು ರಾಶಿಯಾಗಿ ಬೆಂಕಿಗೆ ಬೀಳುತ್ತಿತ್ತು. ಸಮುದ್ರಕ್ಕೂ ಸುರಿದರು, ರೈಲಿನ ಎಂಜಿನ್ನಿಗೆ ಸೌದೆಯಾಗಿಯೂ ಉರಿಸಿದರು. 1944ರವರೆಗೆ ಹೀಗೆ ನಾಶವಾದದ್ದು 7 ಕೋಟಿ 82 ಲಕ್ಷ ಚೀಲ. ಚೀಲಕ್ಕೆ 60 ಕಿಲೊದಂತೆ ಸುಮಾರು 47 ಲಕ್ಷ ಟನ್. ಭಾರತದ ಎಲ್ಲ ತೋಟಗಳೂ ಸೇರಿ ಈಗ ವರ್ಷಕ್ಕೆ ಬೆಳೆಯುವುದು ಮೂರೂವರೆ ಲಕ್ಷ ಟನ್ನಿನ ಆಸುಪಾಸು. ಅಂದರೆ ನಮ್ಮ ಇಂದಿನ ಹದಿಮೂರು ವರ್ಷದ ಬೆಳೆ! ಕುಯ್ದು, ಒಣಗಿಸಿ, ಕುಟ್ಟಿ, ಆರಿಸಿ, ಚೀಲ ಹೊಲಿದು, ಘಟ್ಟ ಇಳಿಸಿದ ಕಾಫಿ. ಹಜಾರದ ಚಾವಣಿಯಲ್ಲಿ ಬಟ್ಟಲಿನ ಸಾರಾಯಿ ಉರಿಯುತ್ತಿದ್ದರೆ, ಹೊರಗೆ ಬಯಲಿನಲ್ಲಿ ಕಾಫಿ ಉರಿಯುತ್ತಿತ್ತು.

ಈ ರಾಶಿಯನ್ನು ಹೇಗಾದರೂ ಕೆಡದಂತೆ ಇಡಬಹುದೇ ಎಂದು ಬ್ರೆಜಿಲಿನವರು ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಯನ್ನು ವಿಚಾರಿಸಿದ್ದರು. ಅದರ ಫಲವಾಗಿ 1938ರಲ್ಲಿ ನೆಸ್‌ಕಾಫೆ ಪುಡಿ ಮಾರುಕಟ್ಟೆಗೆ ಬಂತು. ಬೆಳೆಗಾರನ ಸಂಕಟದಿಂದ ಹುಟ್ಟಿದ ಆ ಪುಡಿಯ ಲಾಭ ಯಾರಿಗಾಯಿತೆಂಬುದು ಬೇರೆಯ ಕಥೆ.

ಕೂಗು ನಿಂತ ಮೇಲೆ

1937ರಲ್ಲಿ ಸರ್ವಾಧಿಕಾರದ ಆಡಳಿತ ಬಂದಾಗ ಭವನದ ವ್ಯವಹಾರ ನಿಂತಿತು. 1942ರಲ್ಲಿ ಮತ್ತೆ ಬಾಗಿಲು ತೆರೆದರೂ ಹಳೆಯ ಕಳೆ ಬರಲಿಲ್ಲ. ಬೆಲೆ ಗೊತ್ತುಮಾಡುವ ಕೆಲಸ ನ್ಯೂಯಾರ್ಕಿಗೂ ಸರಕಾರಿ ಕಚೇರಿಗಳಿಗೂ ಹೋಗಿಬಿಟ್ಟಿತ್ತು. ಕೆಲವು ವರ್ಷಗಳಲ್ಲಿ ಕೂಗು ತಾನಾಗಿ ಕ್ಷೀಣಿಸಿ ನಿಂತಿತು. 1986ರಲ್ಲಿ ಸಂಸ್ಥೆಯನ್ನೇ ರದ್ದುಮಾಡಿದರು. ಖಾಲಿ ಬಿದ್ದ ಕಟ್ಟಡ ಕರಾವಳಿಯ ಉಪ್ಪುಗಾಳಿ ಮತ್ತು ತೇವಕ್ಕೆ ಮುಪ್ಪಾಗತೊಡಗಿತು. ಅದೃಷ್ಟಕ್ಕೆ ರಾಜ್ಯ ಸರಕಾರ ಅದನ್ನು ದುರಸ್ತಿಮಾಡಿ 1998ರಲ್ಲಿ ಕಾಫಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2009ರಲ್ಲಿ ಅದು ರಾಷ್ಟ್ರೀಯ ಸ್ಮಾರಕವೂ ಆಯಿತು. ಕುರ್ಚಿಗಳ ವೃತ್ತ ಇದ್ದಂತೆಯೇ ಇದೆ.

ಇದೇ 1942ನೆಯ ಇಸವಿಯಲ್ಲಿ ನಮ್ಮಲ್ಲಿ ಬೇರೊಂದು ದಾರಿ ತೆರೆಯಿತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬಂದ ಕಾಫಿ ಕಾಯಿದೆಯಂತೆ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕಾಯಿತು. ಆಮೇಲಿನ ಅರ್ಧ ಶತಮಾನ ನಮ್ಮ ಬೆಳೆಗಾರರು ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಪಡೆದರು. ಕಂತು ತಡವಾಗುತ್ತದೆಂದು ಬೈದವರೂ ಉಂಟು, ಪೂಲಿನಿಂದಲೇ ಸಣ್ಣ ಬೆಳೆಗಾರ ಉಳಿದನೆಂದು ಹೊಗಳಿದವರೂ ಉಂಟು. ಇಬ್ಬರ ಮಾತಿನಲ್ಲೂ ಹುರುಳಿದೆ. 1992ರಿಂದ ಸಡಿಲವಾಗುತ್ತ ಬಂದ ಆ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಈಗ ಅರೇಬಿಕಾಕ್ಕೆ ನ್ಯೂಯಾರ್ಕಿನ ಧಾರಣೆ, ರೊಬಸ್ಟಾಕ್ಕೆ ಲಂಡನ್ನಿನ ಧಾರಣೆ. ಮೊಬೈಲಿನಲ್ಲಿ ಅಂಕಿ ಕ್ಷಣಕ್ಷಣಕ್ಕೂ ಕಾಣುತ್ತದೆ, ಕೂಗುವವರ ಮುಖ ಮಾತ್ರ ಕಾಣುವುದಿಲ್ಲ.

ಸಾಂಟೋಸಿನ ಆ ವೃತ್ತದಲ್ಲಿ ದಲ್ಲಾಳಿಗಳಿಗೆಲ್ಲ ಕುರ್ಚಿಯಿತ್ತು, ಬೆಳೆಗಾರನಿಗೆಂದು ಒಂದು ಕುರ್ಚಿಯೂ ಇರಲಿಲ್ಲ. ಧಾರಣೆ ಬಹಿರಂಗವಾಯಿತು, ಅದು ಸಣ್ಣ ಮಾತಲ್ಲ. ಆದರೆ ಎಷ್ಟು ನೆಡಬೇಕು, ಎಷ್ಟು ಕಟ್ಟಿಡಬೇಕು, ಸಾಲ ಎಲ್ಲಿಯವರೆಗೆ ಎಂಬುದನ್ನು ತೋಟದವರೊಡನೆ ಕೂತು ಲೆಕ್ಕ ಹಾಕುವ ಕೋಣೆ ಆ ಇನ್ನೂರು ಬಾಗಿಲು ಕಿಟಕಿಗಳ ಮನೆಯಲ್ಲಿರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗ ಅಡಿಕೆ ಬೆಳೆಗಾರರು ಮಾಡಿದ್ದು ಅಂತಹ ಕುರ್ಚಿಯನ್ನು ತಾವೇ ಮಾಡಿಕೊಳ್ಳುವ ಕೆಲಸ. ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಬಯಲುಸೀಮೆಯಲ್ಲಿ ಈಗ ಅಡಿಕೆ ಸಸಿ ಏಳುತ್ತಿರುವ ವೇಗವನ್ನು ನೋಡಿದಾಗ ನಮಗೆ 1920ರ ದಶಕದ ಸಾವೊ ಪಾಲೊ ಸುಮ್ಮಸುಮ್ಮನೆ ನೆನಪಾಗುವುದಿಲ್ಲ. ನಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಿ ಚರ್ಚಿಸಬೇಕೆಂದು ಸದಸ್ಯರನ್ನು ಕೋರುತ್ತೇವೆ.

ಮಕ್ಕಳು ಮೊಮ್ಮಕ್ಕಳು ವಿದೇಶದಲ್ಲಿರುವ ವಾಚಕರು ಈಗ ಬಹಳ ಮಂದಿ. ಬ್ರೆಜಿಲಿನ ಕಡೆ ಹೋಗುವ ಅವಕಾಶ ಬಂದರೆ, ಸಾವೊ ಪಾಲೊದಿಂದ ಘಟ್ಟ ಇಳಿದು ಸಾಂಟೋಸಿಗೆ ಹೋಗಿಬರುವುದು ಒಂದು ದಿನದ ಪ್ರಯಾಣ. ಭವನದ ನೆಲ ಅಂತಸ್ತಿನಲ್ಲಿ ಕಾಫಿ ಅಂಗಡಿಯಿದೆ; ಬ್ರೆಜಿಲಿನ ಬೇರೆ ಬೇರೆ ಸೀಮೆಗಳ ಕಾಫಿಯನ್ನು ಅಲ್ಲಿ ಕುಡಿದು ನೋಡಬಹುದು. ನಮ್ಮ ಕಡೆಯ ಚಿಕೋರಿ ಬೆರೆತ ಹಾಲಿನ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಹೇಗೆ ಹಿಡಿಸಿತೆಂಬುದನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.